ಚಾಸಿ ಡೈನೋ ರನ್‌ಗೆ ಮುಂಚೆ ಟೈರಿನ ಲೆಕ್ಕ: ಗೇರ್, ಗಾಳಿ, ಸ್ಟ್ರಾಪ್, ವೇಗದ ಮಿತಿ – ಹಂತ ಹಂತವಾಗಿ

"ಈ ಟೈರು ಎಷ್ಟು ಹಾರ್ಸ್‌ಪವರ್ ತಡೆಯುತ್ತೆ?" ಚಾಸಿ ಡೈನೋ, ಅಂದರೆ ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರದ ಮೇಲೆ ಗಾಡಿ ಹತ್ತಿಸುವವರು ಮೊದಲು ಕೇಳುವ ಪ್ರಶ್ನೆ ಇದು. ದಾರಿ ತಪ್ಪುವುದೂ ಇಲ್ಲಿಂದಲೇ. ಟೈರಿನ ಮೇಲೆ ಅಂಥ ಸಂಖ್ಯೆ ಎಲ್ಲೂ ಅಚ್ಚಾಗಿರುವುದಿಲ್ಲ. ಅಲ್ಲಿ ಬರೆದಿರುವುದು ಎಷ್ಟು ಭಾರ ಹೊರಬಹುದು, ಎಷ್ಟು ವೇಗ ತಡೆಯಬಹುದು ಎಂಬುದು ಮಾತ್ರ. ಪವರ್ ಎಂದರೆ ಬಲ ಗುಣಿಸು ವೇಗ. ಅದೇ 150 ಹಾರ್ಸ್‌ಪವರ್ ಒಂದು ಗೇರಿನಲ್ಲಿ ಟೈರನ್ನು ಜಾರಿಸುತ್ತದೆ, ಇನ್ನೊಂದು ಗೇರಿನಲ್ಲಿ ವೇಗದಿಂದ ಕಾಯಿಸುತ್ತದೆ, ನಡುವಿನ ಗೇರಿನಲ್ಲಿ ಏನೂ ಮಾಡುವುದಿಲ್ಲ.

ಹಾಗಾಗಿ ಕೆಳಗಿನ ಹಂತಗಳಲ್ಲಿ ಕೈಕೆಲಸಕ್ಕಿಂತ ಮೊದಲು ಲೆಕ್ಕ ಬರುತ್ತದೆ. ಗಾಡಿಯನ್ನು ಕಟ್ಟಿಹಿಡಿಯುವ ಸ್ಟ್ರಾಪ್ ಬಿಗಿದಾದ ಮೇಲೆ ಲೆಕ್ಕಕ್ಕೆ ಕೂತರೆ ಪ್ರಯೋಜನವಿಲ್ಲ, ಆಗ ಯಾರಿಗೂ ಬಿಚ್ಚುವ ಮನಸ್ಸಿರುವುದಿಲ್ಲ.

## ಬೇಕಾಗುವ ಸಾಮಾನು

ನಂಬಿಕೆಯ ಏರ್ ಪ್ರೆಷರ್ ಗೇಜ್, ಇನ್‌ಫ್ರಾರೆಡ್ ಥರ್ಮಾಮೀಟರ್, ಟ್ರೆಡ್ (ನೆಲಕ್ಕೆ ತಾಗುವ ರಬ್ಬರ್ ಪದರ) ಆಳ ನೋಡುವ ಗೇಜ್, ಟಾರ್ಕ್ (ತಿರುಗಿಸುವ ಬಲ) ನೋಡಿ ಬಿಗಿಯುವ ಟಾರ್ಕ್ ವ್ರೆಂಚ್, ಮಿತಿ ಬರೆದಿರುವ ಚೀಟಿ ಇನ್ನೂ ಕಿತ್ತುಹೋಗದ ರಾಚೆಟ್ ಸ್ಟ್ರಾಪ್‌ಗಳು (ಕನಿಷ್ಠ ನಾಲ್ಕು), ರೋಲರ್ ಮೇಲಿಲ್ಲದ ಚಕ್ರಗಳಿಗೆ ಅಡ್ಡಕಟ್ಟೆ, ಬಿಳಿ ಪೇಂಟ್ ಮಾರ್ಕರ್, ಬೆಂಕಿ ಆರಿಸುವ ಸಿಲಿಂಡರ್. ಫ್ಯಾನ್ ಎರಡು: ಒಂದು ರೇಡಿಯೇಟರ್‌ಗೆ, ಇನ್ನೊಂದು ಡ್ರೈವ್ ಚಕ್ರಗಳ (ಎಂಜಿನ್ ತಿರುಗಿಸುವ ಚಕ್ರಗಳ) ಕಡೆಗೆ. ಎರಡನೆಯದನ್ನು ಇಡದವರೇ ಹೆಚ್ಚು. ಎಂಜಿನ್ನಿನ ಬಿಸಿ ಮೀಟರಿನಲ್ಲಿ ಕಾಣುತ್ತದೆ, ಟೈರಿನ ಬಿಸಿ ಎಲ್ಲೂ ಕಾಣುವುದಿಲ್ಲ.

## ಹಂತ 1: ರೋಲರ್ ಎಂಥದ್ದು ಎಂದು ನೋಡಿ

ರಸ್ತೆ ಚಪ್ಪಟೆ, ರೋಲರ್ ಗುಂಡಗೆ. ಗುಂಡಗಿನ ಮೇಲೆ ಕೂತ ಟೈರು ಒಳಕ್ಕೆ ಹೆಚ್ಚು ತಗ್ಗುತ್ತದೆ, ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ಆ ಬಾಗುವಿಕೆಯೇ ಬಿಸಿ. ಎಷ್ಟು ಹೆಚ್ಚು ಎನ್ನುವುದಕ್ಕೆ ಒಂದು ಅಂದಾಜು ಸೂತ್ರವಿದೆ: ಟೈರಿನ ತ್ರಿಜ್ಯವನ್ನು ರೋಲರ್ ತ್ರಿಜ್ಯದಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. 307 ಮಿಮೀ ತ್ರಿಜ್ಯದ ಟೈರು 48 ಇಂಚು ವ್ಯಾಸದ ದೊಡ್ಡ ರೋಲರ್ ಮೇಲೆ ರಸ್ತೆಗಿಂತ ಸುಮಾರು 1.23 ಪಟ್ಟು ಉರುಳು ತಡೆ (ಉರುಳುವಾಗ ಟೈರು ಒಡ್ಡುವ ತಡೆ) ಕೊಡುತ್ತದೆ. 22 ಸೆಂಮೀ ವ್ಯಾಸದ ಸಣ್ಣ ರೋಲರ್ ಮೇಲೆ ಅದೇ ಟೈರಿಗೆ ಇದು 1.95 ಪಟ್ಟು. ಸಣ್ಣ ರೋಲರ್‌ಗಳು ಜೋಡಿಯಾಗಿ ಬರುತ್ತವೆ, ಟೈರು ಅವೆರಡರ ನಡುವಿನ ತೊಟ್ಟಿಲಲ್ಲಿ ಕೂರುತ್ತದೆ. ಅಂದರೆ ಒಂದು ಸುತ್ತಿಗೆ ಎರಡು ಸಲ ಬಾಗುತ್ತದೆ.

ಡೈನೋದ ಪ್ಲೇಟಿನ ಮೇಲೆ ಮೂರು ಮಿತಿಗಳನ್ನು ಓದಿ ಬರೆದುಕೊಳ್ಳಿ: ಗರಿಷ್ಠ ವೇಗ, ಗರಿಷ್ಠ ಪವರ್, ಆಕ್ಸಲ್ ಮೇಲಿನ ಗರಿಷ್ಠ ಭಾರ. ಎಡ್ಡಿ ಕರೆಂಟ್ ಬ್ರೇಕ್ (ರೋಲರ್ ಅನ್ನು ಕಾಂತದ ಬಲದಿಂದ ತಡೆಯುವ ಬ್ರೇಕ್) ಇರುವ ಡೈನೋ ಆದರೆ ಇನ್ನೊಂದು ಮಾತು: ಆ ಬ್ರೇಕ್ ಕಾದಂತೆ ಅದರ ಹಿಡಿತ ಕುಗ್ಗುತ್ತದೆ. ಬೆಳಗಿನ ಮೊದಲ ರನ್‌ನಲ್ಲಿ ಹಿಡಿದ ಲೋಡನ್ನು ಸತತ ಹತ್ತನೇ ರನ್‌ನಲ್ಲೂ ಅದು ಹಿಡಿಯುತ್ತದೆ ಎಂದುಕೊಳ್ಳಬೇಡಿ.

ರೋಲರ್ ಮೈಯನ್ನು ಬಟ್ಟೆಯಿಂದ ಒರೆಸಿ ನೋಡಿ. ಎಣ್ಣೆ, ಕೂಲೆಂಟ್, ಹಿಂದಿನ ಗಾಡಿಯ ರಬ್ಬರ್ ಪದರ ಯಾವುದಿದ್ದರೂ ಮುಂದೆ ಮಾಡುವ ಹಿಡಿತದ ಲೆಕ್ಕ ಸುಳ್ಳಾಗುತ್ತದೆ.

## ಹಂತ 2: ಟೈರಿನ ಪಕ್ಕೆ ಓದಿ

ಉದಾಹರಣೆಗೆ 205/55 ಆರ್ 16 91 ವಿ ಎಂದಿದೆ ಎನ್ನಿ. ಇಡೀ ಬರಹದಲ್ಲಿ ಇದೇ ಟೈರನ್ನು ಇಟ್ಟುಕೊಳ್ಳೋಣ. 91 ಎಂಬುದು ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರಿಗೆ 615 ಕೆಜಿ. ವಿ ಎಂಬುದು ವೇಗದ ಅಕ್ಷರ, ಗಂಟೆಗೆ 240 ಕಿಮೀ. ಉಳಿದ ಅಕ್ಷರಗಳು: ಎಸ್ 180, ಟಿ 190, ಎಚ್ 210, ಡಬ್ಲ್ಯೂ 270, ವೈ 300. ಈ ಎರಡು ಮಿತಿ ಪೂರ್ತಿಯಾಗಿ ಒಟ್ಟಿಗೆ ಸಿಗುವುದಿಲ್ಲ. ವಿ ಟೈರು 210 ಕಿಮೀ ತನಕ ಮಾತ್ರ ಪೂರ್ತಿ ಭಾರ ಹೊರುತ್ತದೆ, 240ಕ್ಕೆ ಬರುವ ಹೊತ್ತಿಗೆ ಅದು ಹೊರಬಹುದಾದದ್ದು 91 ಶೇಕಡಾಕ್ಕೆ ಇಳಿಯುತ್ತದೆ.

ಅಚ್ಚಾದ ವೇಗ ಸರಿಯಾದ ಗಾಳಿ ಇರುವ, ಗಾಯವಿಲ್ಲದ ಟೈರಿಗೆ ಸಂಬಂಧಿಸಿದ್ದು. ರೋಲರ್ ಮೇಲೆ ಬಿಸಿ ಹೆಚ್ಚು, ಆದ್ದರಿಂದ ಸಣ್ಣ ಜೋಡಿ ರೋಲರ್ ಮೇಲೆ ಅದರ 80 ಶೇಕಡಾ, ದೊಡ್ಡ ಒಂಟಿ ರೋಲರ್ ಮೇಲೆ 90 ಶೇಕಡಾ ದಾಟಬಾರದು ಎಂಬ ಅಂತರ ಇಟ್ಟುಕೊಳ್ಳಿ. ಇದು ಯಾವ ನಿಯಮ ಪುಸ್ತಕದ ಅಂಕಿಯೂ ಅಲ್ಲ, ಕೆಲಸದ ವಿವೇಕ. ನಮ್ಮ ವಿ ಟೈರಿಗೆ ಸಣ್ಣ ರೋಲರ್ ಮೇಲೆ 192 ಕಿಮೀ ಕೊನೆ.

ತಯಾರಿಕೆಯ ದಿನಾಂಕ ಪಕ್ಕೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿದೆ. 2319 ಎಂದರೆ 2019ರ 23ನೇ ವಾರ. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆಯಲ್ಲಿರುತ್ತದೆ. ಆರು ವರ್ಷ ದಾಟಿದ ಟೈರಿನ ಮೇಲೆ, ಟ್ರೆಡ್ ಎಷ್ಟೇ ಚೆನ್ನಾಗಿದ್ದರೂ, ಪೂರ್ತಿ ಪವರ್ ರನ್ ಮಾಡದಿರುವುದು ಒಳ್ಳೆಯದು.

## ಹಂತ 3: ಕೈಯಿಂದ ಮುಟ್ಟಿ ತಪಾಸಣೆ

ಗಾಡಿಯನ್ನು ರೋಲರ್ ಹತ್ತಿಸುವ ಮುಂಚೆ, ಜ್ಯಾಕ್ ಮೇಲಿದ್ದಾಗಲೇ ಟೈರನ್ನು ಒಂದು ಸುತ್ತು ತಿರುಗಿಸಿ. ಒಳಗಿನ ಪಕ್ಕೆಯನ್ನೂ ಟಾರ್ಚ್ ಹಾಕಿ ನೋಡಿ. ಉಬ್ಬು, ಕೊಯ್ತ, ಪಕ್ಕೆಯ ಬಿರುಕು ಇದ್ದರೆ ಅಲ್ಲಿಗೆ ಕೆಲಸ ನಿಲ್ಲಿಸಿ. ಬತ್ತಿ ಹಾಕಿದ ಪಂಕ್ಚರ್ ಇದ್ದರೂ ಅಷ್ಟೇ: ರಸ್ತೆಗೆ ಸಾಕಾಗುವ ಆ ಬತ್ತಿ ಬಿಸಿ ಟ್ರೆಡ್‌ನಲ್ಲಿ ಹೊರಬರಬಹುದು. ರೀಟ್ರೆಡ್ ಮಾಡಿದ ಟೈರು, ತಾತ್ಕಾಲಿಕ ಸ್ಟೆಪ್ನಿ ಎರಡೂ ಬೇಡ. ಕೆಸರಿಗೆಂದು ಮಾಡಿದ ದಪ್ಪ ಗಟ್ಟಿಗಳ ಟೈರೂ ಬೇಡ, ಅದರ ಗಟ್ಟಿಗಳು ಬಿಸಿಯಾಗಿ ತುಂಡು ತುಂಡಾಗಿ ಹಾರುತ್ತವೆ.

ಟ್ರೆಡ್ 1.6 ಮಿಮೀ ಗುರುತಿಗೆ ಬಂದಿದ್ದರೆ ಬದಲಿಸಿ. ಹಾಗೆಂದು ಹೊಚ್ಚ ಹೊಸ, ಆಳವಾದ ಟ್ರೆಡ್ ಡೈನೋಗೆ ಉತ್ತಮ ಎಂದೇನಿಲ್ಲ. ರಬ್ಬರ್ ದಪ್ಪವಿದ್ದಷ್ಟೂ ಬಿಸಿ ಒಳಗೇ ಉಳಿಯುತ್ತದೆ. ಅರ್ಧ ಸವೆದ, ಗಾಯವಿಲ್ಲದ ಟೈರೇ ಈ ಕೆಲಸಕ್ಕೆ ಹದವಾದದ್ದು.

ಟ್ರೆಡ್ ಸಂದಿನ ಕಲ್ಲುಗಳನ್ನು ಸ್ಕ್ರೂಡ್ರೈವರ್‌ನಿಂದ ಒಂದೊಂದಾಗಿ ಎಬ್ಬಿಸಿ ತೆಗೆಯಿರಿ. 150 ಕಿಮೀ ವೇಗದಲ್ಲಿ ಬಿಟ್ಟ ಕಲ್ಲು ಸೆಕೆಂಡಿಗೆ 40 ಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಹಾರುತ್ತದೆ. ವೀಲ್ ಕ್ಯಾಪ್ ಕಳಚಿಡಿ, ಅಂಟಿಸಿದ ಬ್ಯಾಲೆನ್ಸ್ ತೂಕಗಳ ಮೇಲೆ ಟೇಪ್ ಹಾಕಿ, ವೀಲ್ ಬೋಲ್ಟ್‌ಗಳನ್ನು ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿಯಿರಿ.

ಈಗ ಪೇಂಟ್ ಮಾರ್ಕರ್ ತೆಗೆದು ರಿಮ್ಮಿನ ಅಂಚಿನಿಂದ ಟೈರಿನ ಪಕ್ಕೆಗೆ ಅಡ್ಡವಾಗಿ ಒಂದೇ ನೇರ ಗೆರೆ ಎಳೆಯಿರಿ, ಎರಡೂ ಡ್ರೈವ್ ಚಕ್ರಕ್ಕೆ. ರನ್ ಮುಗಿದ ಮೇಲೆ ಗೆರೆ ಎರಡು ತುಂಡಾಗಿ ಹಿಂದೆಮುಂದೆ ಸರಿದಿದ್ದರೆ, ಟೈರು ರಿಮ್ಮಿನೊಳಗೇ ಜಾರಿದೆ ಎಂದರ್ಥ. ಬೇರೆ ಯಾವ ಮೀಟರೂ ಇದನ್ನು ಹೇಳುವುದಿಲ್ಲ.

## ಹಂತ 4: ಗೇರ್ ಆರಿಸುವ ಲೆಕ್ಕ

ಇಲ್ಲಿ ನಿಧಾನವಾಗಿ ಓದಿ. ಸೂತ್ರ ಎರಡು.

ಟೈರಿನ ಬಲ (ನ್ಯೂಟನ್) = ಎಂಜಿನ್ ಟಾರ್ಕ್ × ಗೇರ್ ಅನುಪಾತ × ಫೈನಲ್ ಡ್ರೈವ್ × 0.9 ÷ ಟೈರಿನ ತ್ರಿಜ್ಯ (ಮೀಟರ್)

ವೇಗ (ಗಂಟೆಗೆ ಕಿಮೀ) = ಆರ್‌ಪಿಎಂ × ತ್ರಿಜ್ಯ × 0.377 ÷ (ಗೇರ್ ಅನುಪಾತ × ಫೈನಲ್ ಡ್ರೈವ್)

ಫೈನಲ್ ಡ್ರೈವ್ ಎಂದರೆ ಗೇರ್‌ಬಾಕ್ಸ್ ಮತ್ತು ಚಕ್ರಗಳ ನಡುವಿನ ಕೊನೆಯ ಗೇರಿನ ಅನುಪಾತ. 0.9 ಎಂಬುದು ಗೇರ್‌ಬಾಕ್ಸ್ ನುಂಗುವ ಪಾಲನ್ನು ಕಳೆದ ಅಂದಾಜು. ರೋಲರ್ ಕೊಡುವ ಹಿಡಿತ ಎಂದರೆ ಡ್ರೈವ್ ಆಕ್ಸಲ್ ಮೇಲಿನ ಕೆಜಿ × 9.81 × 0.6. ಒಣಗಿದ, ಗೀರು ಹಾಕಿದ ಉಕ್ಕಿನ ರೋಲರ್‌ಗೆ 0.6 ಎಂಬುದು ಎಚ್ಚರಿಕೆಯ ಅಂಕಿ.

ಒಂದು ಉದಾಹರಣೆ: ಮುಂದಿನ ಚಕ್ರಗಳಿಂದ ಓಡುವ ಗಾಡಿ, ಮುಂದಿನ ಆಕ್ಸಲ್ ಮೇಲೆ 800 ಕೆಜಿ. ಹಿಡಿತ ಸುಮಾರು 4,700 ನ್ಯೂಟನ್. ಫೈನಲ್ ಡ್ರೈವ್ 3.9, ಮೂರನೇ ಗೇರ್ 1.36, ನಾಲ್ಕನೆಯದು 1.0, ಐದನೆಯದು 0.8. ಎಂಜಿನ್ 250 ನ್ಯೂಟನ್ ಮೀಟರ್, 6,500 ಆರ್‌ಪಿಎಂ ತನಕ ಏರುತ್ತದೆ. ಟೈರು ಮೇಲಿನದೇ, ತ್ರಿಜ್ಯ 0.307 ಮೀಟರ್.

ಮೂರನೇ ಗೇರಿನಲ್ಲಿ ಬಲ 3,890 ನ್ಯೂಟನ್, ಕೊನೆಯ ವೇಗ 142 ಕಿಮೀ. ಎರಡೂ ಮಿತಿಯೊಳಗೆ. ನಾಲ್ಕರಲ್ಲಿ ಬಲ 2,860ಕ್ಕೆ ಇಳಿಯುತ್ತದೆ, ವೇಗ 193ಕ್ಕೆ ಏರುತ್ತದೆ. ನಮ್ಮ 192ರ ಗೆರೆಯನ್ನು ಕೂದಲೆಳೆಯಷ್ಟು ದಾಟಿತು. "ಡೈನೋ ಎಂದರೆ 1:1 ಗೇರ್" ಎಂದು ಬಾಯಿಪಾಠ ಮಾಡಿದವರು ಇಲ್ಲಿ ನಾಲ್ಕನ್ನೇ ಹಾಕುತ್ತಾರೆ. ಗೇರ್‌ಬಾಕ್ಸ್ ನಷ್ಟ ಕಡಿಮೆ ಎಂಬ ಕಾರಣಕ್ಕೆ ಆ ಮಾತು ಹುಟ್ಟಿದ್ದು, ಟೈರನ್ನು ನೋಡಿ ಅಲ್ಲ. ಈ ಗಾಡಿಗೆ ಮೂರು ಸಾಕು. ನಾಲ್ಕೇ ಬೇಕೆಂದರೆ 6,400 ಆರ್‌ಪಿಎಂಗೆ ಪೆಡಲ್ ಬಿಟ್ಟುಬಿಡಿ.

ಅದೇ ಗಾಡಿಯನ್ನು ಟ್ಯೂನ್ ಮಾಡಿ ಟಾರ್ಕ್ 450ಕ್ಕೆ ಏರಿಸಿದರೆ? ಮೂರರಲ್ಲಿ 7,000 ನ್ಯೂಟನ್, ನಾಲ್ಕರಲ್ಲಿ 5,150. ಎರಡರಲ್ಲೂ ಹಿಡಿತ ಸಾಲದು, ಟೈರು ಜಾರಿಯೇ ಜಾರುತ್ತದೆ. ಐದರಲ್ಲಿ 4,120, ಹಿಡಿತದೊಳಗೆ ಬಂತು. ಆದರೆ 6,500 ಆರ್‌ಪಿಎಂಗೆ ವೇಗ 241. ವಿ ಟೈರಿಗೆ ಅದು ಸಾಧ್ಯವೇ ಇಲ್ಲ. ಉಳಿಯುವ ದಾರಿಗಳು ಮೂರು: ಐದನೇ ಗೇರಿನಲ್ಲಿ ಸುಮಾರು 5,150 ಆರ್‌ಪಿಎಂಗೆ ರನ್ ಮುಗಿಸುವುದು, ಹೆಚ್ಚಿನ ವೇಗದ ಅಕ್ಷರವಿರುವ ಟೈರು ಹಾಕುವುದು, ನಾಲ್ಕರಲ್ಲಿ ಸ್ಟ್ರಾಪ್‌ನಿಂದ ಮಿತವಾಗಿ ಭಾರ ಹೇರಿ ಕೊರತೆ ತುಂಬುವುದು. ಚಕ್ರ ಕಳಚಿ ಹಬ್‌ಗೇ ಜೋಡಿಸುವ ಹಬ್ ಡೈನೋ ಸಿಕ್ಕರೆ ಈ ಇಡೀ ತಲೆನೋವೇ ಇಲ್ಲ.

ಈ ಲೆಕ್ಕದಲ್ಲಿ ತಪ್ಪದೆ ಎಡವುವ ಒಂದು ಜಾಗವಿದೆ. ಟೈರು ಜಾರುವುದು ಗರಿಷ್ಠ ಪವರ್ ಇರುವಲ್ಲಿ ಅಲ್ಲ, ಗರಿಷ್ಠ ಟಾರ್ಕ್ ಇರುವಲ್ಲಿ. ಟರ್ಬೊ ಗಾಡಿಯಲ್ಲಿ ಅದು 2,000–3,000 ಆರ್‌ಪಿಎಂಗೇ ಬಂದುಬಿಡುತ್ತದೆ, ಆಪರೇಟರ್ ಇನ್ನೂ ಗ್ರಾಫ್ ಕಡೆ ಕಣ್ಣು ಹಾಯಿಸುವ ಮೊದಲೇ. ಟೈರು ಒಡೆಯುವ ಅಪಾಯ ಇರುವುದು ಇನ್ನೊಂದು ತುದಿಯಲ್ಲಿ, ವೇಗ ಏರಿದ ಮೇಲೆ. ಎರಡು ಅಪಾಯಗಳೂ ಒಂದೇ ರನ್‌ನ ಎರಡು ಕೊನೆಗಳಲ್ಲಿ ಕೂತಿರುತ್ತವೆ.

ಎಲೆಕ್ಟ್ರಿಕ್ ಗಾಡಿಗಳಲ್ಲಿ ಸಾಮಾನ್ಯವಾಗಿ ಗೇರ್ ಆಯ್ಕೆಯೇ ಇಲ್ಲ, ಪೂರ್ತಿ ಟಾರ್ಕ್ ನಿಂತಲ್ಲಿಂದಲೇ ಸಿಗುತ್ತದೆ. ಅಲ್ಲಿ ಪೆಡಲನ್ನು ಒಮ್ಮೆಲೇ ತುಳಿಯದೆ, ರೋಲರ್ 50–60 ಕಿಮೀ ವೇಗಕ್ಕೆ ಬಂದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಹಂತವಾಗಿ ಒತ್ತಿ.

## ಹಂತ 5: ಗಾಳಿ

ಟೈರು ತಣ್ಣಗಿದ್ದಾಗ ತುಂಬಿ. ಗಾಡಿಯ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಗಿಂತ 4ರಿಂದ 6 ಪಿಎಸ್‌ಐ ಹೆಚ್ಚು, ಆದರೆ ಟೈರಿನ ಪಕ್ಕೆಯಲ್ಲಿ ಬರೆದ ಗರಿಷ್ಠವನ್ನು ದಾಟದಂತೆ. ಎಡ ಬಲ ಎರಡಕ್ಕೂ ಒಂದೇ ಅಳತೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಹೊಗೆ ಪರೀಕ್ಷೆಯ ನಿಯಮದಲ್ಲಿ, ಟೈರು ಹಾಳಾಗದಿರಲೆಂದೇ ಡ್ರೈವ್ ಚಕ್ರಗಳಿಗೆ 45 ಪಿಎಸ್‌ಐ ತನಕ ತುಂಬಲು ಅವಕಾಶ ಕೊಟ್ಟು, ಎಷ್ಟು ತುಂಬಿದ್ದು ಎಂದು ವರದಿಯಲ್ಲಿ ಬರೆಯಬೇಕು ಎಂದಿದ್ದಾರೆ. ಬರೆಯಬೇಕಾದ ಕಾರಣ ನೇರ: ಗಾಳಿ ಬದಲಾದರೆ ಉರುಳು ತಡೆ ಬದಲಾಗುತ್ತದೆ, ಗ್ರಾಫಿನ ಪವರ್ ಕೂಡ ಬದಲಾಗುತ್ತದೆ. ಟ್ಯೂನಿಂಗ್‌ನಿಂದ ಬಂತೆಂದು ಸಂಭ್ರಮಿಸುವ ಮೂರು ನಾಲ್ಕು ಹಾರ್ಸ್‌ಪವರ್ ಎಷ್ಟೋ ಸಲ ಕಂಪ್ರೆಸರ್‌ನಿಂದ ಬಂದಿರುತ್ತದೆ.

ಗಾಳಿ ಕಡಿಮೆಯಾದರೆ ಬರುವ ಕೆಟ್ಟದ್ದು ಬರೀ ಬಿಸಿಯಲ್ಲ. ಒಂದು ವೇಗ ದಾಟಿದ ಮೇಲೆ, ರೋಲರ್ ಬಿಟ್ಟು ಮೇಲೆದ್ದ ಟ್ರೆಡ್ ಮತ್ತೆ ನೆಟ್ಟಗಾಗಲು ಸಮಯ ಸಾಲದೆ, ಟೈರಿನ ಹಿಂಭಾಗದಲ್ಲಿ ಅಲೆ ಅಲೆಯಾಗಿ ನಿಂತುಬಿಡುತ್ತದೆ. ಅಲ್ಲಿಂದ ಬಿಸಿ ಅತಿ ಬೇಗ ಏರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಟೈರು ಒಡೆಯಬಹುದು. ಗಾಳಿ ಕಡಿಮೆಯಿದ್ದಷ್ಟೂ ಆ ಅಲೆ ಕಡಿಮೆ ವೇಗದಲ್ಲೇ ಶುರುವಾಗುತ್ತದೆ. ಹಿಡಿತ ಸಿಗಲೆಂದು ಗಾಳಿ ಇಳಿಸುವ ಡ್ರ್ಯಾಗ್ ರೇಸ್ ಪಟ್ಟಿಯ ಅಭ್ಯಾಸವನ್ನು ರೋಲರ್ ಮೇಲೆ ತರಬೇಡಿ.

ರನ್‌ಗಳ ನಡುವೆ ಒತ್ತಡ ಏರಿದೆ ಎಂದು ಬಿಸಿ ಟೈರಿನ ಗಾಳಿ ಬಿಡಲೂ ಬಾರದು. ಒಳಗಿನ ಗಾಳಿ 10 ಡಿಗ್ರಿ ಕಾದರೆ 32 ಪಿಎಸ್‌ಐ ಸುಮಾರು ಒಂದೂವರೆ ಏರುತ್ತದೆ. ಅಂದರೆ ನಿಮ್ಮ ಪ್ರೆಷರ್ ಗೇಜೇ ಒಳಗಿನ ಥರ್ಮಾಮೀಟರ್. ಆರು ಪಿಎಸ್‌ಐ ಏರಿದ್ದರೆ ಒಳಗಿನ ಗಾಳಿ ಸುಮಾರು 40 ಡಿಗ್ರಿ ಕಾದಿದೆ, ತಣಿಯಲು ಬಿಡಿ.

## ಹಂತ 6: ಸ್ಟ್ರಾಪ್ ಬಿಗಿಯುವುದು

ಸ್ಟ್ರಾಪ್‌ಗೆ ಎರಡು ಕೆಲಸ: ಗಾಡಿ ಹಿಂದೆಮುಂದೆ, ಅಕ್ಕಪಕ್ಕ ಸರಿಯದಂತೆ ಹಿಡಿಯುವುದು, ಟೈರನ್ನು ರೋಲರ್ ಮೇಲೆ ಒತ್ತುವುದು. ಮೊದಲನೆಯದು ಯಾವಾಗಲೂ ಬೇಕು. ಎರಡನೆಯದು ಲೆಕ್ಕ ಕೇಳಿದರೆ ಮಾತ್ರ.

"ಇನ್ನೊಂದು ಕಟಕ್" ಎಂದು ರಾಚೆಟ್ ಎಳೆಯುವ ಕೈ ಏನು ಮಾಡುತ್ತಿದೆ ನೋಡಿ. 45 ಡಿಗ್ರಿ ಓರೆಯಲ್ಲಿ ಎರಡು ಸ್ಟ್ರಾಪ್, ಒಂದೊಂದರಲ್ಲೂ 3,000 ನ್ಯೂಟನ್ ಎಳೆತ. ಕೆಳಮುಖದ ಪಾಲು ಒಟ್ಟು 4,240 ನ್ಯೂಟನ್, ಅಂದರೆ ಆಕ್ಸಲ್ ಮೇಲೆ 432 ಕೆಜಿ ಹೆಚ್ಚುವರಿ. ಒಂದೊಂದು ಟೈರಿನ ಪಾಲು 400 ಇದ್ದದ್ದು 616 ಆಯಿತು. ಟೈರಿನ ಮಿತಿ 615.

ಬಿಸಿಯ ಲೆಕ್ಕವೂ ಹೀಗೇ. 800 ಕೆಜಿ ಆಕ್ಸಲ್, ರಸ್ತೆಯಲ್ಲಿ 0.010 ಉರುಳು ತಡೆ, 180 ಕಿಮೀ ವೇಗ: ಎರಡು ಟೈರು ಸೇರಿ 3.9 ಕಿಲೋವ್ಯಾಟ್ ನುಂಗುತ್ತವೆ. ಸಣ್ಣ ರೋಲರ್ ಮೇಲೆ ಅದು 7.6. ಆ ಸ್ಟ್ರಾಪ್ ಭಾರ ಸೇರಿದರೆ 11.8. ಒಂದೊಂದು ಟೈರಿನೊಳಗೂ ಸುಮಾರು 6 ಕಿಲೋವ್ಯಾಟ್, 2 ಕಿಲೋವ್ಯಾಟ್‌ನ ಮೂರು ಗೀಸರ್ ಒಟ್ಟಿಗೆ ಹಾಕಿಟ್ಟಂತೆ. ರಸ್ತೆಯ ಮೇಲಿನ ಎದುರುಗಾಳಿಯೂ ಇಲ್ಲಿಲ್ಲ.

ಟ್ಯೂನ್ ಮಾಡಿದ ನಮ್ಮ ಗಾಡಿಗೆ ನಾಲ್ಕನೇ ಗೇರಿನಲ್ಲಿ ಕೊರತೆ 450 ನ್ಯೂಟನ್ ಹಿಡಿತ. ಅದನ್ನು 0.6ರಿಂದ ಭಾಗಿಸಿದರೆ 750 ನ್ಯೂಟನ್ ಕೆಳಒತ್ತು, ಇಡೀ ಆಕ್ಸಲ್‌ಗೆ 76 ಕೆಜಿ. ತುಸು ಅಂತರಕ್ಕೆಂದು 120 ಕೆಜಿ ಹಾಕಿ, ನಿಲ್ಲಿಸಿ. ಎಳೆತ ಅಳೆಯುವ ಲೋಡ್ ಸೆಲ್ ಇಲ್ಲದಿದ್ದರೆ ಫೆಂಡರ್ ಅಂಚಿನಿಂದ ಹಬ್ ನಡುವಿನ ತನಕ ಟೇಪ್ ಹಿಡಿದು, ಬಿಗಿಯುವ ಮುಂಚೆ ಮತ್ತು ನಂತರ ಅಳೆಯಿರಿ. ಆ ಆಕ್ಸಲ್ ಮೇಲೆ ಗೊತ್ತಿರುವ ಭಾರ ಇಟ್ಟಾಗ ಗಾಡಿ ಎಷ್ಟು ತಗ್ಗುತ್ತದೆ ಎಂದು ಒಮ್ಮೆ ನೋಡಿಟ್ಟುಕೊಂಡರೆ ಸ್ಪ್ರಿಂಗ್ ತಗ್ಗಿದ್ದರಿಂದಲೇ ಭಾರ ತಿಳಿಯುತ್ತದೆ.

ಕಟ್ಟುವ ಕ್ರಮ: ಮೊದಲು ಗಾಡಿಯನ್ನು ಸಡಿಲ ಸ್ಟ್ರಾಪ್‌ಗಳಲ್ಲೇ 20–30 ಕಿಮೀ ವೇಗದಲ್ಲಿ ಉರುಳಿಸಿ, ಅದು ತಾನಾಗಿ ನೆಟ್ಟಗೆ ಕೂರಲಿ. ಆಮೇಲೆ ಎಡ ಬಲ ಸಮವಾಗಿ ಬಿಗಿಯಿರಿ. ಮುಂಚಕ್ರದ ಗಾಡಿ ಪಕ್ಕಕ್ಕೆ ನಡೆಯುವುದು ಹೆಚ್ಚು, ಅದಕ್ಕೆ ಕತ್ತರಿಯಾಕಾರದಲ್ಲಿ ಅಡ್ಡ ಸ್ಟ್ರಾಪ್ ಬೇಕೇ ಬೇಕು, ಸ್ಟೇರಿಂಗ್ ಹಿಡಿದು ಒಬ್ಬರು ಒಳಗಿರಬೇಕು. ಸ್ಟ್ರಾಪ್ ಎಲ್ಲೂ ಟೈರಿಗೆ, ಬ್ರೇಕ್ ಹೋಸ್‌ಗೆ, ಸೈಲೆನ್ಸರ್‌ಗೆ ತಾಗಬಾರದು.

## ಹಂತ 7: ರನ್

ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿದರೆ ಪವರ್ ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಮುಂದಿನ ಹಿಂದಿನ ರೋಲರ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಜೋಡಣೆ ಇದೆಯೇ ಖಚಿತಪಡಿಸಿಕೊಳ್ಳಿ. ತಿರುಗುವ ಟೈರಿನ ಮುಂದೆ, ಹಿಂದೆ, ಪಕ್ಕೆಯ ಎದುರು ಯಾರೂ ನಿಲ್ಲಬಾರದು. ವಿಡಿಯೋ ತೆಗೆಯುವವರು ಆರಿಸಿಕೊಳ್ಳುವ ಜಾಗ ಸರಿಯಾಗಿ ಅದೇ ಆಗಿರುತ್ತದೆ.

80 ಕಿಮೀ ವೇಗದಲ್ಲಿ ಎರಡು ಮೂರು ನಿಮಿಷ ಹಗುರವಾಗಿ ಓಡಿಸಿ ಬೆಚ್ಚಗಾಗಿಸಿ. ಆಮೇಲೆ ಅರ್ಧ ಪೆಡಲ್‌ನಲ್ಲಿ ಒಂದು ರನ್, ಗೆರೆ ಮತ್ತು ಬಿಸಿ ನೋಡಿ, ನಂತರವೇ ಪೂರ್ತಿ ಪೆಡಲ್. ಪೂರ್ತಿ ರನ್ 10–15 ಸೆಕೆಂಡ್ ಮೀರದಿರಲಿ. ಪ್ರತಿ ರನ್ ಮುಗಿದು ರೋಲರ್ ನಿಂತ ಮೇಲೆ ಟ್ರೆಡ್ ನಡುವೆ ಮತ್ತು ಎರಡೂ ಭುಜಗಳಲ್ಲಿ ಬಿಸಿ ಅಳೆಯಿರಿ. 80 ಡಿಗ್ರಿ ದಾಟಿದ್ದರೆ ಫ್ಯಾನ್ ಹಾಕಿ ಕಾಯಿರಿ, 100 ಮುಟ್ಟಿದ್ದರೆ ಆ ದಿನಕ್ಕೆ ಆ ಟೈರು ಸಾಕು. ಥರ್ಮಾಮೀಟರ್ ಕಾಣುವುದು ಹೊರಮೈ ಮಾತ್ರ, ಭುಜದೊಳಗಿನ ಉಕ್ಕಿನ ಬೆಲ್ಟ್ ಅಂಚು ಅದಕ್ಕಿಂತ ಬಿಸಿಯಾಗಿರುತ್ತದೆ. ನೀರು ಎರಚಿ ತಣಿಸಬೇಡಿ, ಮುಂದಿನ ರನ್ ಒದ್ದೆ ರೋಲರ್ ಮೇಲಾಗುತ್ತದೆ.

ಜಾರಿತೇ ಎಂದು ತಿಳಿಯಲು ಆರ್‌ಪಿಎಂ ಅನ್ನು ರೋಲರ್ ವೇಗದಿಂದ ಭಾಗಿಸಿ. ನಮ್ಮ ಗಾಡಿಗೆ ನಾಲ್ಕನೇ ಗೇರಿನಲ್ಲಿ ಅದು ಉದ್ದಕ್ಕೂ 33.7ರ ಆಸುಪಾಸಿನಲ್ಲಿರಬೇಕು. ಒಂದೆರಡು ಶೇಕಡಾ ಅಲುಗಾಟ ಸಹಜ. ಟಾರ್ಕ್ ಏರುವ ಜಾಗದಲ್ಲಿ ಒಮ್ಮೆಲೇ 35.4ಕ್ಕೆ ನೆಗೆದರೆ ಟೈರು ಜಾರಿದೆ. ಬರೀ ರೋಲರ್ ತೂಕದ ಮೇಲೆ ನಡೆಯುವ ಡೈನೋದಲ್ಲಿ ಗ್ರಾಫ್ ಅಲ್ಲಿ ಕುಸಿದು, ಟೈರು ಮತ್ತೆ ಕಚ್ಚಿದಾಗ ಮೊನಚಾಗಿ ಮೇಲೇಳುತ್ತದೆ. ಆ ಮೊನಚನ್ನು ಗರಿಷ್ಠ ಪವರ್ ಎಂದು ಪ್ರಿಂಟ್ ತೆಗೆಯುವವರಿದ್ದಾರೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಬಲ ಸಾಗಿಸುವ ಭಾಗ) ಲಾಕ್ ಆಗದಿದ್ದರೂ ಈ ಅನುಪಾತ ಏರುತ್ತದೆ, ಅದನ್ನು ಮೊದಲು ನೋಡಿ.

## ಹಂತ 8: ಸೂಚನೆ ಕಂಡರೆ ನಿಲ್ಲಿಸುವ ಬಗೆ

ಸುಟ್ಟ ರಬ್ಬರ್ ವಾಸನೆ, ರೋಲರ್ ಕೆಳಗೆ ಕಪ್ಪು ಪುಡಿ, ತೆಳು ಹೊಗೆ: ಟೈರು ಜಾರುತ್ತಿದೆ. ವೇಗದ ಜೊತೆಗೇ ಚುರುಕಾಗುವ ದಪ್ ದಪ್ ಸದ್ದು, ಇದ್ದಕ್ಕಿದ್ದಂತೆ ಶುರುವಾದ ನಡುಕ: ಟ್ರೆಡ್ ಬೆಲ್ಟಿನಿಂದ ಬಿಡುತ್ತಿರಬಹುದು, ಇಲ್ಲವೇ ಟೈರು ರಿಮ್ಮಿನೊಳಗೆ ಸರಿದು ಬ್ಯಾಲೆನ್ಸ್ ಕೆಟ್ಟಿರಬಹುದು. ಮೊದಲ ಸದ್ದಿಗೇ ನಿಲ್ಲಿಸಿ, "ಈ ರನ್ ಮುಗಿಯಲಿ" ಎನ್ನಬೇಡಿ.

ನಿಲ್ಲಿಸುವುದು ಹೇಗೆ? ಆಕ್ಸಲರೇಟರ್ ಬಿಡಿ, ಕ್ಲಚ್ ಒತ್ತಿ ಅಥವಾ ನ್ಯೂಟ್ರಲ್‌ಗೆ ತನ್ನಿ, ಡೈನೋದ ಬ್ರೇಕ್ ರೋಲರ್ ಅನ್ನು ನಿಧಾನ ಮಾಡಲಿ. ಅದಿಲ್ಲದ ಡೈನೋ ಆದರೆ ತಾನಾಗಿ ನಿಲ್ಲಲು ಬಿಡಿ, ಕಾರಿನ ಬ್ರೇಕ್ ಹಗುರವಾಗಿ ಮಾತ್ರ. ಗಾಬರಿಯಲ್ಲಿ ಬ್ರೇಕ್ ಒದ್ದರೆ, ತಿರುಗುತ್ತಲೇ ಇರುವ ಭಾರದ ರೋಲರ್ ನಿಂತ ಟೈರನ್ನು ಒಂದೇ ಜಾಗದಲ್ಲಿ ಅರದಂತೆ ಉಜ್ಜುತ್ತದೆ, ಸ್ಟ್ರಾಪ್‌ಗಳ ಮೇಲೆ ಜಗ್ಗು ಬೀಳುತ್ತದೆ.

ನಿಂತ ಕೂಡಲೇ ಬಗ್ಗಿ ನೋಡಲು ಹೋಗಬೇಡಿ. ನಿಂತ ಟೈರಿಗೆ ಗಾಳಿಯೂ ತಗಲುವುದಿಲ್ಲ, ಒಳಗಿನ ಬಿಸಿ ಹೊರಮೈಗೆ ಬರುತ್ತಲೇ ಇರುತ್ತದೆ. ದೂರದಿಂದ ಫ್ಯಾನ್ ಹಾಕಿ, ಕಾಲು ಗಂಟೆ ಬಿಟ್ಟು ಹತ್ತಿರ ಹೋಗಿ. ಆಮೇಲೆ ಬಿಳಿ ಗೆರೆ, ಎರಡೂ ಪಕ್ಕೆ, ಟ್ರೆಡ್ ಸುತ್ತ ಬೆರಳಾಡಿಸಿ. ನೀಲಿಗಟ್ಟಿದ, ಅಂಟಂಟಾದ ಅಥವಾ ಗುಳ್ಳೆ ಎದ್ದ ಟೈರನ್ನು ಕಳಚಿ, ಪಕ್ಕೆಯ ಮೇಲೆ ಅಡ್ಡ ಗೀಟು ಹಾಕಿ ಪಕ್ಕಕ್ಕಿಡಿ. ಅದು ರಸ್ತೆಗೂ ಹೋಗಬಾರದು. ಬಂದ ಗಾಡಿ ಅದೇ ಟೈರಿನ ಮೇಲೆ ಹೆದ್ದಾರಿ ಹಿಡಿದು ಮನೆಗೆ ಹೊರಡುವಂತಿದ್ದರೆ ಬೇರೆ ಚಕ್ರ ಹಾಕಿಸಿಯೇ ಕಳಿಸಿ.